ನಿಮಗಿದು ಗೊತ್ತೇ? ಗಾಂಧಿ ಬಜಾರಿನ ಬುಟ್ಟಿ, ಗಾಡಿ, ಹೆಗಲು

ಹಬ್ಬದ ಹಿಂದಿನ ದಿನ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದವರಿಗೆ ಗೊತ್ತು, ಅಂಗಡಿಗಳ ಸಾಲಿನ ಮುಂದೆ ಇನ್ನೊಂದು ಬಜಾರು ನೆಲದ ಮೇಲೆ ಕೂತಿರುತ್ತದೆ. ಸೇವಂತಿಗೆಯನ್ನು ಮಾರು ಹಾಕಿ ಕೊಡುವವರು, ಮಾವಿನಸೊಪ್ಪು ಬಾಳೆಕಂದು ರಾಶಿ ಹಾಕಿಕೊಂಡವರು, ತಳ್ಳುಗಾಡಿಯ ಹಣ್ಣಿನವರು, ಜವಳಿ ಮೂಟೆ ಇಳಿಸುವ ಹಮಾಲಿಗಳು, ಇವರೆಲ್ಲರ ನಡುವೆ ದಾರಿ ಮಾಡಿಕೊಂಡು ಹೋಗುವ ಆಟೊದವರು. ಇವರಿಗೆ ಸಂಬಳದ ಚೀಟಿಯಿಲ್ಲ, ವಾರದ ರಜೆಯಿಲ್ಲ, ಬಹಳಷ್ಟು ಜನರಿಗೆ ಮಾಲೀಕ ಎಂಬುವನೇ ಇಲ್ಲ. ಆದರೂ ಇಂಥ ದುಡಿಮೆಗಾರರು ಸಂಘ ಕಟ್ಟಿದ್ದಾರೆ, ಕೋರ್ಟು ಹತ್ತಿದ್ದಾರೆ, ತಮ್ಮ ಹೆಸರಿನಲ್ಲಿ ಕಾನೂನು ಬರೆಸಿಕೊಂಡಿದ್ದಾರೆ. ಈ ಸಲದ ಅಂಕಣ ಅವರದು.

ಜಗತ್ತಿನಲ್ಲಿ ದುಡಿಯುವ ಪ್ರತಿ 10 ಜನರಲ್ಲಿ 6 ಜನ ಹೀಗೆಯೇ ಬದುಕುವವರು. ಸುಮಾರು 200 ಕೋಟಿ ಜನ ಅಸಂಘಟಿತ ದುಡಿಮೆಯಲ್ಲಿದ್ದಾರೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಲೆಕ್ಕ ಹಾಕಿತ್ತು. ನಮ್ಮ ದೇಶದ ಇ-ಶ್ರಮ್ ಪಟ್ಟಿ ತೆರೆದದ್ದು 2021ರ ಆಗಸ್ಟ್ 26ರಂದು. ಅದರಲ್ಲಿ ಹೆಸರು ಬರೆಸಿದವರು ಈಗ 30 ಕೋಟಿ ದಾಟಿದ್ದಾರೆ. ಪಟ್ಟಿಯಲ್ಲಿ ಹೆಸರಿರುವುದು ಒಂದು, ಒಟ್ಟಾಗಿ ಕೂತು ಮಾತಾಡುವುದು ಇನ್ನೊಂದು. ಹಕ್ಕು ಸಿಕ್ಕಿದ್ದೆಲ್ಲ ಎರಡನೆಯದರಿಂದ.

ಕಾರ್ಮಿಕ ಸಂಘ ನೋಂದಾಯಿಸಲು ಎಷ್ಟು ಜನ ಬೇಕು? ನೂರಾರು ಎಂದುಕೊಂಡಿರುತ್ತೀರಿ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಪ್ರಕಾರ ಅರ್ಜಿಗೆ 7 ಜನರ ಸಹಿ ಸಾಕಿತ್ತು. 2001ರ ತಿದ್ದುಪಡಿ, ಆ ಉದ್ಯಮದ ಕೆಲಸಗಾರರಲ್ಲಿ ಶೇ 10ರಷ್ಟು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು ಎಂದಿತು. ಎಷ್ಟೇ ಕಡಿಮೆಯಾದರೂ 7ಕ್ಕೆ ಇಳಿಯುವಂತಿಲ್ಲ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಅಲ್ಲೂ ಏಳರ ಲೆಕ್ಕ ಹಾಗೆಯೇ ಇದೆ.

ಅದೇ 2001ರ ತಿದ್ದುಪಡಿಯಲ್ಲಿ ಸದಸ್ಯತ್ವದ ಕನಿಷ್ಠ ವಂತಿಗೆಯೂ ಇತ್ತು. ಹಳ್ಳಿಯ ಕೂಲಿಗಾರರಿಗೆ ವರ್ಷಕ್ಕೆ 1 ರೂಪಾಯಿ, ಉಳಿದ ಅಸಂಘಟಿತರಿಗೆ 3 ರೂಪಾಯಿ, ಕಾರ್ಖಾನೆಯವರಿಗೆ 12 ರೂಪಾಯಿ. ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರೂ ಸಂಘದ ಹೊರಗೆ ಉಳಿಯಬಾರದು ಎಂದು ಬರೆದ ಅಂಕಿಗಳಿವು. ಅಸಂಘಟಿತ ವಲಯದ ಸಂಘದಲ್ಲಿ ಪದಾಧಿಕಾರಿಗಳ ಅರ್ಧದಷ್ಟಾದರೂ ಜನ ಅದೇ ಕೆಲಸ ಮಾಡುವವರಾಗಿರಬೇಕು ಎಂಬ ಮಾತೂ ಅಲ್ಲಿತ್ತು. ಹೊರಗಿನ ಮುಖಂಡರು ಬರಬಹುದು, ಸಂಘವನ್ನೇ ಹೊತ್ತೊಯ್ಯುವಂತಿಲ್ಲ.

ಈಗ ಗಾಂಧಿ ಬಜಾರಿಗೆ ನೇರವಾಗಿ ತಾಗುವ ವಿಷಯ. ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ವ್ಯಾಪಾರ ನಿಯಂತ್ರಣ ಕಾಯ್ದೆ ಜಾರಿಗೆ ಬಂದದ್ದು 2014ರ ಮೇ 1ರಂದು, ಕಾರ್ಮಿಕರ ದಿನವೇ. ಬಹಳ ಜನ ಓದದ ಒಂದು ಪುಟ ಅದರ ಮೊದಲ ಅನುಸೂಚಿಯಲ್ಲಿದೆ. ಜನ ಬಹುಕಾಲದಿಂದ ತಾವಾಗಿಯೇ ಸೇರಿ ಕೊಳ್ಳುವ, ಮಾರುವ ಜಾಗವನ್ನು ಕಾಯ್ದೆ ಸಹಜ ಮಾರುಕಟ್ಟೆ ಎನ್ನುತ್ತದೆ. ಸಮೀಕ್ಷೆಯಲ್ಲಿ ಹಾಗೆ ಗುರುತಾದ ಜಾಗವನ್ನು ವ್ಯಾಪಾರ ನಿಷೇಧಿತ ವಲಯ ಎಂದು ಸಾರುವಂತಿಲ್ಲ. 'ಇಲ್ಲಿ ಜನಸಂದಣಿ ಹೆಚ್ಚು' ಎಂಬುದನ್ನು ನಿಷೇಧಕ್ಕೆ ಕಾರಣವಾಗಿ ಕೊಡುವಂತಿಲ್ಲ. ಕೊಳಕಾಗುತ್ತದೆ ಎಂದು ಎಬ್ಬಿಸಬೇಕಾದರೆ ಆ ಕೊಳಕಿಗೆ ವ್ಯಾಪಾರಿಗಳೇ ಪೂರ್ತಿ ಕಾರಣವಾಗಿರಬೇಕು, ಪಾಲಿಕೆ ಕಸ ಎತ್ತದೆ ಬಿಟ್ಟದ್ದನ್ನು ಅವರ ತಲೆಗೆ ಕಟ್ಟುವಂತಿಲ್ಲ. ಗಾಂಧಿ ಬಜಾರಿನಂಥ ಇಕ್ಕಟ್ಟಾದ ಹಳೆಯ ಪೇಟೆಯಲ್ಲಿ ತೆರವಿನ ಮಾತು ಬಂದಾಗಲೆಲ್ಲ ಕೇಳಿಬರುವ ಕಾರಣಗಳು ಈ ಎರಡೇ ಅಲ್ಲವೇ? ಎರಡಕ್ಕೂ ಶಾಸನದಲ್ಲೇ ಉತ್ತರವಿದೆ.

ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೈಗೆ ಬರುವ ತನಕ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ ಮೂರನೆಯ ಸೆಕ್ಷನ್. ಆಮೇಲೆ ಜಾಗ ಬದಲಿಸಬೇಕಾದರೂ 30 ದಿನದ ನೋಟಿಸು ಕೊಡಬೇಕು. ಸಮೀಕ್ಷೆ 5 ವರ್ಷಕ್ಕೊಮ್ಮೆಯಾದರೂ ನಡೆಯಬೇಕು. ವ್ಯಾಪಾರಿ ತೀರಿಕೊಂಡರೆ ಅಥವಾ ಹಾಸಿಗೆ ಹಿಡಿದರೆ ಆ ಜಾಗದ ಹಕ್ಕು ಗಂಡನಿಗೋ ಹೆಂಡತಿಗೋ ಅವಲಂಬಿತ ಮಗುವಿಗೋ ಹೋಗುತ್ತದೆ. ಆದರೆ ಜಾಗವನ್ನು ಬಾಡಿಗೆಗೆ ಬಿಡುವಂತಿಲ್ಲ, ಮಾರುವಂತಿಲ್ಲ. ಈ ಕೊನೆಯ ನಿಯಮ ನನಗೆ ಬಹಳ ಸರಿ ಎನಿಸುತ್ತದೆ. ಹತ್ತು ಗಾಡಿ ಇಟ್ಟು ದಿನಬಾಡಿಗೆ ಎತ್ತುವವನಿಗೂ ಒಂದು ಬುಟ್ಟಿಯ ಮುಂದೆ ಕೂತವಳಿಗೂ ಕಾನೂನು ಇಲ್ಲಿ ಗೆರೆ ಎಳೆದಿದೆ.

ಪಾಲಿಕೆಯವರು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋದರೆ? ಕೊಳೆಯುವ ಸರಕನ್ನು ಅದೇ ದಿನ ವಾಪಸು ಕೊಡಬೇಕು, ಕೊಳೆಯದ ಸರಕನ್ನು ಎರಡು ಕೆಲಸದ ದಿನಗಳೊಳಗೆ. ಹತ್ತೊಂಬತ್ತನೆಯ ಸೆಕ್ಷನ್. ಎತ್ತಿದ್ದಕ್ಕೆ ಪಟ್ಟಿ ಬರೆದು ಕೈಗೆ ಕೊಡಬೇಕು ಎಂಬುದೂ ಅಲ್ಲೇ ಇದೆ. ಪಟ್ಟಿ ಕೇಳುವ ಧೈರ್ಯ ಒಬ್ಬಳೇ ಇದ್ದಾಗ ಬರುವುದು ಕಷ್ಟ, ಅಕ್ಕಪಕ್ಕದ ಐದಾರು ಜನ ಎದ್ದು ಬಂದು ನಿಂತರೆ ಬರುತ್ತದೆ.

ಜಪ್ತಿಯ ಮಾತು ಬಂದಾಗ ಶಿವಮೊಗ್ಗದವರಿಗೆ ನೆನಪಾಗಬೇಕಾದ ಇನ್ನೊಂದು ಚರಿತ್ರೆ ಇದೆ. 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದಾಗ ಮುಂದೆ ನಿಂತವರಲ್ಲಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಇಬ್ಬರೂ ಈ ಜಿಲ್ಲೆಯವರು. ರುದ್ರಪ್ಪನವರೇ ಮೊದಲ ಅಧ್ಯಕ್ಷರು. ಸಾಲ ಕಟ್ಟಿಲ್ಲವೆಂದು ಅಧಿಕಾರಿಗಳು ಪಾತ್ರೆಪರಟೆ ಹೊತ್ತೊಯ್ದರೆ ಊರವರು ಗುಂಪಾಗಿ ಹೋಗಿ ಅದನ್ನು ಮರಳಿ ತರುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಮರುಜಪ್ತಿ. ಅನುಮತಿಯಿಲ್ಲದೆ ವಸೂಲಿಗೆ ಊರೊಳಗೆ ಬರಬೇಡಿ ಎಂದು ಹಳ್ಳಿಗಳ ಬಾಗಿಲಲ್ಲಿ ಬೋರ್ಡು ನಿಲ್ಲಿಸಿದ್ದೂ ಆ ಕಾಲದಲ್ಲೇ.

ಫುಟ್‌ಪಾತಿನಲ್ಲಿ ವ್ಯಾಪಾರ ಮಾಡುವುದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1989ರಲ್ಲಿ. ಕೇಸು ಹಾಕಿದ ಸೋದನ್ ಸಿಂಗ್ ದೆಹಲಿಯ ಬೀದಿಯಲ್ಲಿ ಸಿದ್ಧ ಉಡುಪು ಮಾರುತ್ತಿದ್ದವರು. ಆ ಹಕ್ಕನ್ನು ಸರ್ಕಾರ ನಿಯಂತ್ರಿಸಬಹುದು, ಇಲ್ಲವೆನ್ನಲಾಗದು ಎಂಬುದು ತೀರ್ಪಿನ ಸಾರ. ಅಲ್ಲಿಂದ ಕಾಯ್ದೆ ಬರಲು 25 ವರ್ಷ ಹಿಡಿಯಿತು. ಅಷ್ಟು ವರ್ಷ ವ್ಯಾಪಾರಿಗಳ ಸಂಘಗಳು ಊರೂರಿನಲ್ಲಿ ಕೇಳುತ್ತಲೇ ಇದ್ದವು.

ಹಮಾಲಿಗಳ ಕಥೆಗೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಸಂಘಟನೆಯ ಇಷ್ಟು ಜಾಣತನದ ಹೆಜ್ಜೆಯನ್ನು ನಾನು ಬೇರೆಲ್ಲೂ ಓದಿಲ್ಲ. 1971. ಅಹಮದಾಬಾದಿನ ಸಗಟು ಬಟ್ಟೆ ಮಾರುಕಟ್ಟೆ. ತಲೆಯ ಮೇಲೆ ಬಟ್ಟೆಯ ಮೂಟೆ ಹೊರುವ ಹೆಂಗಸರು ಕಾರ್ಮಿಕ ಮುಖಂಡೆ ಇಳಾ ಭಟ್ ಅವರ ಹತ್ತಿರ ಬಂದರು. ಎಷ್ಟು ಸಲ ಹೊತ್ತೆವು, ಎಷ್ಟು ದೂರ ಹೊತ್ತೆವು ಎಂಬುದಕ್ಕೆ ಲೆಕ್ಕವೇ ಇಲ್ಲ, ವ್ಯಾಪಾರಿ ಕೊಟ್ಟದ್ದೇ ಕೂಲಿ ಎಂಬುದು ಅವರ ಗೋಳು. ಇಳಾ ಭಟ್ ಅದನ್ನು ಪತ್ರಿಕೆಯಲ್ಲಿ ಬರೆದರು. ಸಿಟ್ಟಾದ ಬಟ್ಟೆ ವ್ಯಾಪಾರಿಗಳು ತಾವೂ ಪತ್ರಿಕೆಯಲ್ಲಿ ಬರೆಸಿದರು: ಇದೆಲ್ಲ ಸುಳ್ಳು, ನಾವು ನ್ಯಾಯವಾದ ಕೂಲಿಯನ್ನೇ ಕೊಡುತ್ತಿದ್ದೇವೆ. ಆಗ ಇಳಾ ಭಟ್ ಮತ್ತು ಅವರ ಜೊತೆಯವರು ವಾದಕ್ಕೆ ನಿಲ್ಲಲಿಲ್ಲ. ವ್ಯಾಪಾರಿಗಳು ಬರೆಸಿದ್ದನ್ನೇ ಸಣ್ಣ ಕಾರ್ಡುಗಳಲ್ಲಿ ಅಚ್ಚು ಹಾಕಿಸಿ ಹೊರುವ ಹೆಂಗಸರ ಕೈಗೆ ಒಂದೊಂದು ಕೊಟ್ಟರು. ಇನ್ನು ಮುಂದೆ ಕೂಲಿಯ ಮಾತು ಬಂದಾಗ ಆಕೆ ಕಾರ್ಡು ತೋರಿಸಿದರೆ ಆಯಿತು, ಇದು ನೀವೇ ಹೇಳಿದ್ದಲ್ಲವೇ?

ಮರುವರ್ಷ, 1972ರಲ್ಲಿ, ಆ ಹೆಂಗಸರು ಸೇರಿ ಕಟ್ಟಿದ ಸಂಘವೇ ಸೇವಾ. ನೋಂದಣಿಗೆ ಹೋದಾಗ ಕಾರ್ಮಿಕ ಇಲಾಖೆ ಒಪ್ಪಲಿಲ್ಲ. ನಿಮಗೆ ಮಾಲೀಕರಿಲ್ಲ, ಯಾರ ವಿರುದ್ಧ ಸಂಘ ಕಟ್ಟುತ್ತೀರಿ ಎಂಬುದು ತಕರಾರು. ಸಂಘ ಇರುವುದು ಯಾರದೋ ವಿರುದ್ಧ ನಿಲ್ಲುವುದಕ್ಕೆ ಮಾತ್ರವಲ್ಲ, ಕೆಲಸಗಾರರು ಒಂದಾಗುವುದಕ್ಕೆ ಎಂಬುದು ಹೆಂಗಸರ ಉತ್ತರ. ನೋಂದಣಿ ಆಯಿತು. ದೇಶದ ಅಸಂಘಟಿತರ ಸಂಘಗಳೆಲ್ಲ ಮುಂದೆ ಆ ಬಾಗಿಲಲ್ಲೇ ಹಾದು ಬಂದವು. ಎರಡು ವರ್ಷಕ್ಕೆ, 1974ರಲ್ಲಿ, 4,000 ಹೆಂಗಸರು ತಲೆಗೆ 10 ರೂಪಾಯಿಯಂತೆ ಷೇರು ಹಾಕಿ ತಮ್ಮದೇ ಸಹಕಾರಿ ಬ್ಯಾಂಕನ್ನೂ ತೆರೆದರು.

ಒಬ್ಬ ಮನುಷ್ಯ ಎಷ್ಟು ತೂಕ ಹೊರಬಹುದು? ವಯಸ್ಕ ಗಂಡಸಿಗೆ 55 ಕಿಲೊ ದಾಟಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಅಡಿಕೆ ಮಂಡಿಯಲ್ಲಿ, ಅಕ್ಕಿ ಗೋದಾಮಿನಲ್ಲಿ ಚೀಲ ಎತ್ತುವವರ ಬೆನ್ನು ನೋಡಿದವರಿಗೆ ಈ ಅಂಕಿಯ ಬೆಲೆ ತಿಳಿಯುತ್ತದೆ.

ಅಡಿಕೆ ಎಂದಾಗ ಮಲೆನಾಡಿನವರಿಗೆ ಮಾಮ್ಕೋಸ್ ಹೊಸದಲ್ಲ. ಬೆಳೆಗಾರರು ಒಟ್ಟಾಗಿ ಮಾರುವ ಆ ಸಹಕಾರ ಸಂಘ ಹುಟ್ಟಿದ್ದು 1939ರಲ್ಲಿ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬೇರೆಬೇರೆಯಾಗಿ ದರ ಕಟ್ಟುವ ಮುನ್ನ ಆ ಅಡಿಕೆಯನ್ನು ಸುಲಿದವರು, ಆರಿಸಿದವರು, ತುಂಬಿದವರು, ಹೊತ್ತವರು ಇನ್ನೊಂದು ಸಾಲು ಜನ. ಬೆಳೆಗಾರರಿಗೆ ಬಹಳ ಬೇಗ ಸಿಕ್ಕಿದ ಒಗ್ಗಟ್ಟಿನ ಲಾಭ ಇವರಿಗೆ ಬಹಳ ತಡವಾಗಿ, ಅದೂ ಅರೆಬರೆಯಾಗಿ ಸಿಕ್ಕಿತು. ಎಪಿಎಂಸಿ ಯಾರ್ಡಿನಲ್ಲಿ ಪರವಾನಗಿ ಪಡೆದ ಹಮಾಲಿಗೆ ಒಂದು ಗುರುತಿದೆ, ಕಾಯಕ ನಿಧಿಯ ನೆರವಿದೆ. ಪೇಟೆಯ ಬೀದಿಯಲ್ಲಿ ಲಾರಿ ಬಂದಲ್ಲಿಗೆ ಓಡುವ ಹಮಾಲಿಗೆ ಅದಿಲ್ಲ.

ನೆರೆಯ ಮಹಾರಾಷ್ಟ್ರದಲ್ಲಿ 1969ರಿಂದ ಹಮಾಲಿಗಳಿಗೆಂದೇ ಮಾಥಾಡಿ ಕಾಯ್ದೆ ಇದೆ. ಅಲ್ಲಿ ವ್ಯಾಪಾರಿ ಕೂಲಿಯನ್ನು ಮಂಡಳಿಗೆ ಕಟ್ಟುತ್ತಾನೆ, ಅದರ ಮೇಲೆ ಭವಿಷ್ಯನಿಧಿ, ಬೋನಸ್ಸು, ರಜೆಯ ಬಾಬ್ತು ಸೇರಿಸಿ ಕೊಡುತ್ತಾನೆ. ಹತ್ತು ಅಂಗಡಿಯ ಮೂಟೆ ಹೊತ್ತರೂ ಹಮಾಲಿಯ ಲೆಕ್ಕ ಒಂದೇ ಪುಸ್ತಕದಲ್ಲಿ ಇರುತ್ತದೆ. ಪುಣೆಯ ಹಮಾಲ್ ಪಂಚಾಯತ್ ಕಟ್ಟಿದ ಬಾಬಾ ಆಢಾವ್ ಅವರು 1974ರಲ್ಲಿ 'ಕಷ್ಟಾಚಿ ಭಾಕರ್' ಎಂಬ ಅಗ್ಗದ ಊಟದ ಕೇಂದ್ರವನ್ನೂ ಶುರುಮಾಡಿದರು. ಕರ್ನಾಟಕದ ಹಮಾಲಿ ಸಂಘಗಳು ಇಂಥ ಕಾಯ್ದೆ ಇಲ್ಲಿಗೂ ಬೇಕು ಎನ್ನುತ್ತಿವೆ. ಬರಲೇಬೇಕು ಎಂಬುದು ನನ್ನ ಅಭಿಪ್ರಾಯವೂ ಹೌದು.

ಅಳತೆ ಪಾತ್ರೆಯೊಂದು ಚಳವಳಿ ಹುಟ್ಟಿಸಿದ್ದು ನಮ್ಮ ಜಿಲ್ಲೆಯಲ್ಲಿ. ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಒಡೆಯರಿಗೆ ಭತ್ತ ಅಳೆದುಕೊಡುತ್ತಿದ್ದದ್ದು ಕೊಳಗದಲ್ಲಿ. ಗೇಣಿ ತೆಗೆದುಕೊಳ್ಳುವ ಕೊಳಗ ದೊಡ್ಡದು ಎಂಬುದು ದುಡಿದವರ ದೂರು. ಅಳತೆ ಸರಿಯಿರಲಿ, ಕೊಟ್ಟದ್ದಕ್ಕೆ ರಸೀದಿ ಬರಲಿ ಎಂದು ಕೇಳಿದ್ದಕ್ಕೆ ಉಳುವ ಗದ್ದೆಯಿಂದಲೇ ಹೊರಹಾಕಿಸಿಕೊಂಡರು. ಎಚ್. ಗಣಪತಿಯಪ್ಪನವರು 1948ರಲ್ಲೇ ಸಾಗರ ತಾಲ್ಲೂಕು ರೈತ ಸಂಘ ಕಟ್ಟಿದ್ದರು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದರೆ ಹೋಗುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಬಂದು ಸೇರಿದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದಾಗ ಕಾಗೋಡು ದೇಶಕ್ಕೆಲ್ಲ ತಿಳಿದ ಹೆಸರಾಯಿತು.

ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು, ಇನ್ನೂ ಮೂವತ್ತೂ ತುಂಬಿರಲಿಲ್ಲ. ಉಳುವವನೇ ಹೊಲದೊಡೆಯ ಎಂಬ ಮಾತು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣಾ ತಿದ್ದುಪಡಿಯಲ್ಲಿ ಕಾನೂನಾಯಿತು. ಕೊಳಗದಿಂದ ಕಾನೂನಿನ ತನಕ 23 ವರ್ಷ.

ಇನ್ನೂ ಹಿಂದಕ್ಕೆ ಹೋದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ. ಸಾವಿರ ವರ್ಷದ ಹಿಂದೆ ಅದು ದೊಡ್ಡ ವ್ಯಾಪಾರ ಪಟ್ಟಣ. ಅಲ್ಲಿ ವ್ಯವಹರಿಸುತ್ತಿದ್ದ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಕೂಟದ ಜಾಲ ಸುಮಾತ್ರಾ ದ್ವೀಪದವರೆಗೆ ಹಬ್ಬಿತ್ತು, ಅಲ್ಲಿ ಅವರ 1088ರ ಶಾಸನ ಸಿಕ್ಕಿದೆ. ಗಾಣದ ಎಣ್ಣೆ ತೆಗೆಯುವವರು 'ಐವತ್ತೊಕ್ಕಲು ತೆಲ್ಲಿಗರು' ಎಂದು ಒಟ್ಟಾಗಿ ದತ್ತಿ ಕೊಟ್ಟದ್ದನ್ನು ಕನ್ನಡ ಶಾಸನಗಳು ದಾಖಲಿಸಿವೆ. ಅವೆಲ್ಲ ವರ್ತಕರ, ಕಸುಬುದಾರರ ಕೂಟಗಳು. ಇಂದಿನ ಸಂಘವನ್ನು ಅವುಗಳ ಮುಂದುವರಿಕೆ ಎನ್ನಲಾಗದು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆ ಊರನ್ನೇ ಬದಲಿಸಿತು, 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕಾಯಂ ಕೆಲಸಗಾರರ ಸಂಘಗಳ ಸದ್ದು ಎಲ್ಲರಿಗೂ ಗೊತ್ತಿದೆ. ಗೊತ್ತಿಲ್ಲದ್ದು ಇದು: ಕರ್ನಾಟಕದ ದಲಿತ ಸಂಘರ್ಷ ಸಮಿತಿ ಬೇರು ಬಿಟ್ಟದ್ದು ಈ ಭದ್ರಾವತಿಯಲ್ಲಿ, 1970ರ ದಶಕದ ನಡುವಿನಲ್ಲಿ. ಇಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ಅದರ ಮುಂದಾಳು. ಭೂಮಿಯಿಲ್ಲದ ಕೂಲಿಗಾರ, ಜೀತದಾಳು, ಚರ್ಮದ ಕೆಲಸದವರು, ಯಾವ ಕಾರ್ಮಿಕ ಸಂಘದ ಪಟ್ಟಿಯಲ್ಲೂ ಇರದಿದ್ದ ದುಡಿಮೆಗಾರರನ್ನು ಒಂದು ಹೆಸರಿನ ಅಡಿ ತಂದದ್ದು ಆ ಸಮಿತಿ. ಕಾರ್ಮಿಕ ಚರಿತ್ರೆ ಬರೆಯುವವರು ಇದನ್ನು ಬೇರೆ ಕಪಾಟಿನಲ್ಲಿ ಇಡುವುದು ಸರಿಯಲ್ಲ.

ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಬಾಗಿಲ ಮುಂದೆ ಧರಣಿ ಕೂತವರು ಗುತ್ತಿಗೆ ಕಾರ್ಮಿಕರು. ಒಂದೇ ಗೇಟಿನಲ್ಲಿ ಒಳಹೋಗಿ ಒಂದೇ ಬೆಂಕಿಯ ಮುಂದೆ ದುಡಿದರೂ ಕಾಯಮಾತಿ ಇಲ್ಲದವರು. ಕಾರ್ಖಾನೆ ನಿಂತರೆ ಗೇಟಿನ ಎದುರಿನ ಟೀ ಗಾಡಿಯೂ ಆಟೊ ಸ್ಟ್ಯಾಂಡೂ ನಿಲ್ಲುತ್ತವೆ. ಅವರ ಹೆಸರು ಯಾವ ಪರಿಹಾರದ ಪಟ್ಟಿಯಲ್ಲೂ ಬರುವುದಿಲ್ಲ.

ಕೆಲಸ ಕಳೆದುಕೊಂಡ ಮಾಣಿಗಳೇ ಹೋಟೆಲಿನ ಒಡೆಯರಾದರೆ ಹೇಗಿರುತ್ತದೆ? 1957ರಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮಾತಿನಂತೆ ಸಹಕಾರ ಸಂಘ ಕಟ್ಟಿ ತಾವೇ ನಡೆಸತೊಡಗಿದರು. ಆ ಸಂಘಗಳಲ್ಲಿ ಮೊದಲನೆಯದು ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು.

ಮಂಗಳೂರಿನ ಗಣೇಶ್ ಬೀಡಿಯಿಂದ ಕೇರಳದ ದಿನೇಶ್ ಬೀಡಿ ಹುಟ್ಟಿತು ಎಂದರೆ ನಂಬುತ್ತೀರಾ? 1966ರ ಬೀಡಿ ಕಾರ್ಮಿಕರ ಕಾಯ್ದೆ, ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಂಗಸನ್ನೂ ಕಾರ್ಮಿಕಳೆಂದು ಒಪ್ಪಿತು. ಕೇರಳ ಅದನ್ನು ಜಾರಿಗೆ ತಂದಾಗ 1968ರಲ್ಲಿ ಮಂಗಳೂರಿನ ಬೀಡಿ ಕಂಪನಿಗಳು ಅಲ್ಲಿನ ಕೆಲಸ ನಿಲ್ಲಿಸಿದವು. ಕಣ್ಣೂರಿನ ಸುತ್ತ ಸುಮಾರು 12,000 ಜನ ಬೀದಿಗೆ ಬಿದ್ದರು. 1969ರ ಫೆಬ್ರುವರಿಯಲ್ಲಿ ಅವರೇ ಕಟ್ಟಿದ ಸಹಕಾರ ಸಂಘ ಕೇರಳ ದಿನೇಶ್ ಬೀಡಿ. ಒಬ್ಬ ಬೀಡಿ ಕಟ್ಟದೆ ಪತ್ರಿಕೆ ಓದಿ ಹೇಳುವುದು, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು ಆ ಸೀಮೆಯ ಬೀಡಿ ಕೆಲಸಗಾರರ ಹಳೆಯ ರೂಢಿ.

ಗಾಂಧಿ ಬಜಾರು ಕೋಟೆ ಮಾರಿಕಾಂಬೆಯ ತವರುಮನೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯ ಮೊದಲ ದಿನ ಅಮ್ಮ ಕೂರುವುದು ಇಲ್ಲಿ, ಉಡಿ ತುಂಬಿಸಿಕೊಂಡ ಮೇಲೆ ಕೋಟೆ ರಸ್ತೆಯ ಗದ್ದುಗೆಗೆ ಹೊರಡುತ್ತಾಳೆ. ಬಳೆ, ಆಟಿಕೆ, ಬತ್ತಾಸು, ಖಾರ ಮಂಡಕ್ಕಿ ಮಾರುವವರಿಗೆ ಈ ದಿನಗಳು ವರ್ಷದ ದೊಡ್ಡ ದುಡಿಮೆ. 2022ರ ಮಾರ್ಚ್‌ನ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಕೊಡಬಾರದೆಂಬ ಒತ್ತಡ ಬಂದು ಅವರು ಹೊರಗುಳಿಯಬೇಕಾಯಿತು. ಅದು ನೋವಿನ ಸಂಗತಿ. ಬೀದಿ ವ್ಯಾಪಾರದ ಕಾಯ್ದೆ ಯಾವ ವ್ಯಾಪಾರಿಯನ್ನೂ ಧರ್ಮ ನೋಡಿ ಬೇರೆ ಮಾಡುವುದಿಲ್ಲ. ಪಟ್ಟಣ ವ್ಯಾಪಾರ ಸಮಿತಿಯ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು ಎನ್ನುವ ಆ ಕಾಯ್ದೆ ಪರಿಶಿಷ್ಟರಿಗೂ ಹಿಂದುಳಿದವರಿಗೂ ಅಲ್ಪಸಂಖ್ಯಾತರಿಗೂ ಅಂಗವಿಕಲರಿಗೂ ಅಲ್ಲಿ ಜಾಗ ಇರಬೇಕು ಎಂದು ಬಿಡಿಸಿ ಬರೆದಿದೆ.

ಬೆಳಿಗ್ಗೆ 900 ಕೈಗೆ ಕೊಟ್ಟು ಸಂಜೆ 1,000 ಎಣಿಸಿಕೊಳ್ಳುವ ದಿನದ ಬಡ್ಡಿ ಎಲ್ಲ ಪೇಟೆಗಳಲ್ಲೂ ಇದ್ದದ್ದೇ. ಅದರಿಂದ ಬಿಡಿಸಲೆಂದು 2018ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ತಂದದ್ದು ಬಡವರ ಬಂಧು, ಸಹಕಾರಿ ಬ್ಯಾಂಕುಗಳ ಮೂಲಕ 10,000 ರೂಪಾಯಿಯವರೆಗೆ ಬಡ್ಡಿಯಿಲ್ಲದ ಸಾಲ. 2020ರ ಜೂನ್ 1ರಂದು ಕೇಂದ್ರದ ಸ್ವನಿಧಿ ಬಂತು. ಮೊದಲ ಕಂತು 10,000 ಇದ್ದದ್ದು ಈಗ 15,000 ಆಗಿದೆ. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರು ಶಿಫಾರಸು ಪತ್ರ ಕೇಳುವಾಗ ವ್ಯಾಪಾರಿಗಳ ಸಂಘದ ಸದಸ್ಯತ್ವವನ್ನೂ ದಾಖಲೆಯಾಗಿ ತೋರಿಸಬಹುದಿತ್ತು. ಸಂಘದ ಒಂದು ಸಣ್ಣ ಕಾರ್ಡು ಬ್ಯಾಂಕಿನ ಬಾಗಿಲು ತೆರೆಸಿದ್ದು ಹೀಗೆ.

ಗಾರೆ ಕೆಲಸದವರಿಗೂ ಇಂಥದೇ ಅನುಕೂಲ. ಕಟ್ಟಡ ಕಾರ್ಮಿಕರ ಮಂಡಳಿಗೆ ಸೇರಲು ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ದಿನಕ್ಕೊಬ್ಬ ಮೇಸ್ತ್ರಿಯ ಕೈಕೆಳಗೆ ದುಡಿಯುವವನು ಯಾರ ಸಹಿ ತರಬೇಕು? ನೋಂದಾಯಿತ ಕಾರ್ಮಿಕ ಸಂಘವೂ ಸಹಿ ಮಾಡಬಹುದು. ಕರ್ನಾಟಕದಲ್ಲಿ ಈ ಮಂಡಳಿ ಬಂದದ್ದು 2007ರ ಜನವರಿಯಲ್ಲಿ, ಅದರ ಬೊಕ್ಕಸಕ್ಕೆ ಹಣ ಬರುವುದು ಕಟ್ಟಡದ ವೆಚ್ಚದ ಮೇಲೆ ಹಾಕುವ ಶೇ 1ರ ಸೆಸ್‌ನಿಂದ.

ಅಂಬೇಡ್ಕರ್ ಸಹಾಯ ಹಸ್ತ ಯೋಜನೆಯಲ್ಲಿ ರಾಜ್ಯ ಮೊದಲಿಗೆ ಗುರುತಿಸಿದ 11 ಕಸುಬುಗಳು: ಹಮಾಲಿ, ಮನೆಗೆಲಸ, ಚಿಂದಿ ಆಯುವುದು, ಹೊಲಿಗೆ, ಮೆಕ್ಯಾನಿಕ್, ಅಗಸ, ಅಕ್ಕಸಾಲಿ, ಕಮ್ಮಾರ, ಕುಂಬಾರ, ಕ್ಷೌರಿಕ, ಭಟ್ಟಿ ಕೆಲಸ. ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿದರೆ ಇವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಬೀಳುತ್ತವೆ.

ಮನೆಗೆಲಸದವರಿಗೆ ಕರ್ನಾಟಕ ಕನಿಷ್ಠ ಕೂಲಿ ಗೊತ್ತುಮಾಡಿದ್ದು 2004ರಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮನೆಗೆಲಸದವರ ಒಡಂಬಡಿಕೆ ಬಂದದ್ದು 2011ರ ಜೂನ್ 16ರಂದು, ಏಳು ವರ್ಷ ತಡವಾಗಿ. ಭಾರತ ಅದಕ್ಕೆ ಇನ್ನೂ ಅನುಮೋದನೆ ಕೊಟ್ಟಿಲ್ಲ.

ಆಟೊಗಳ ಹಿಂದೆ ಶಂಕರ್‌ನಾಗ್ ಚಿತ್ರ ಯಾಕೆ? 1980ರ 'ಆಟೋ ರಾಜ' ಸಿನಿಮಾದಿಂದ. ಆತ ತೀರಿಕೊಂಡು ಮೂವತ್ತೈದು ವರ್ಷ ದಾಟಿದರೂ ಸ್ಟ್ಯಾಂಡುಗಳಲ್ಲಿ ಆ ಮುಖ ಮಾಸಿಲ್ಲ. ಆಟೊ ಸ್ಟ್ಯಾಂಡು ಒಂದು ಸಂಘವೇ ಆಗಿರುತ್ತದೆ. ಸರದಿ ಹಿಡಿಸುವುದು, ಅಪಘಾತವಾದರೆ ಚಂದಾ ಎತ್ತುವುದು, ರಾಜ್ಯೋತ್ಸವಕ್ಕೆ ಬಾವುಟ ಏರಿಸುವುದು ಎಲ್ಲವೂ ಅಲ್ಲೇ.

ಮೊಬೈಲಿನಲ್ಲಿ ಆರ್ಡರು ಹಿಡಿದು ಊಟ ತಲುಪಿಸುವ ಹುಡುಗರಿಗೆ ಸ್ಟ್ಯಾಂಡೂ ಇಲ್ಲ. ಅವರಿಗಾಗಿ ರಾಜಸ್ಥಾನ 2023ರಲ್ಲಿ ದೇಶದ ಮೊದಲ ಕಾನೂನು ತಂದಿತು, ಕರ್ನಾಟಕ 2025ರಲ್ಲಿ ತಂದಿತು. ಕರ್ನಾಟಕದ ಕಾನೂನಿನಂತೆ ಪ್ರತಿ ವಹಿವಾಟಿನಲ್ಲಿ ಕೆಲಸಗಾರರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳೇ ಕಟ್ಟಬೇಕು.

ನವೆಂಬರ್ 14 ಮಕ್ಕಳ ದಿನಾಚರಣೆ ಮಾತ್ರವಲ್ಲ, ಬೀದಿ ವ್ಯಾಪಾರಿಗಳ ಅಂತರರಾಷ್ಟ್ರೀಯ ದಿನವೂ ಹೌದು. 2002ರ ಆ ದಿನ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಹಲವು ದೇಶಗಳ ಬೀದಿ ವ್ಯಾಪಾರಿಗಳ ಸಂಘಗಳು ಸೇರಿ ಸ್ಟ್ರೀಟ್‌ನೆಟ್ ಎಂಬ ಒಕ್ಕೂಟ ಕಟ್ಟಿದವು.

2010ರ ಡಿಸೆಂಬರ್ 17. ಟ್ಯುನೀಷಿಯಾದ ಒಂದು ಸಣ್ಣ ಊರಿನಲ್ಲಿ ಮೊಹಮ್ಮದ್ ಬುವಝೀಝಿ ಎಂಬ 26ರ ತರುಣನ ತರಕಾರಿ, ಹಣ್ಣಿನ ತಕ್ಕಡಿಯನ್ನು ಅಧಿಕಾರಿಗಳು ಕಿತ್ತುಕೊಂಡರು. ದೂರು ಕೇಳುವವರಿರಲಿಲ್ಲ. ಆತ ಸರ್ಕಾರಿ ಕಚೇರಿಯ ಮುಂದೆ ಮೈಗೆ ಬೆಂಕಿ ಹಚ್ಚಿಕೊಂಡ, 2011ರ ಜನವರಿ 4ರಂದು ತೀರಿಕೊಂಡ. ಹತ್ತೇ ದಿನಕ್ಕೆ ಆ ದೇಶದ ಅಧ್ಯಕ್ಷ ಊರುಬಿಟ್ಟು ಓಡಿದ, ಅರಬ್ ದೇಶಗಳೆಲ್ಲ ಕುದಿದವು. ತಕ್ಕಡಿ ಕಳೆದುಕೊಂಡ ಒಬ್ಬಂಟಿಗೆ ಹೋಗಿ ನಿಲ್ಲಲು ಒಂದು ಜಾಗ ಬೇಕಿತ್ತು. ನಮ್ಮ ಕಾಯ್ದೆಯ ಇಪ್ಪತ್ತನೆಯ ಸೆಕ್ಷನ್ ಹೇಳುವ ಅಹವಾಲು ಸಮಿತಿ ಅಂಥದ್ದೊಂದು ಜಾಗ, ಅದರ ಅಧ್ಯಕ್ಷರು ಸಿವಿಲ್ ನ್ಯಾಯಾಧೀಶರೋ ಮ್ಯಾಜಿಸ್ಟ್ರೇಟರೋ ಆಗಿದ್ದವರಿರಬೇಕು.

ನಿಮ್ಮ ಊರಿನಲ್ಲಿ ಆ ಸಮಿತಿ ಇದೆಯೇ? ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರು ಯಾರು, ಅವರ ಚುನಾವಣೆ ಯಾವಾಗ ಆಯಿತು, ಕೊನೆಯ ಸಮೀಕ್ಷೆ ಯಾವ ವರ್ಷದ್ದು, ಎಷ್ಟು ಜನರಿಗೆ ಪ್ರಮಾಣಪತ್ರ ಸಿಕ್ಕಿದೆ? ಶಿವಮೊಗ್ಗದವರು ಮಹಾನಗರ ಪಾಲಿಕೆಗೆ, ಭದ್ರಾವತಿಯವರು ನಗರಸಭೆಗೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ.